ರಾಗಿ ಡಬ್ಬದೊಳಗಿದ್ದ ಫೋನು

ಭಾಗ್ಯಾ, ನಿನ್ನ ಫೋನು ಅವತ್ತು ಕಳೆದಿರಲಿಲ್ಲ. ಅದನ್ನು ರಾಗಿ ಡಬ್ಬದೊಳಗೆ ಹೂತಿಟ್ಟವಳು ನಾನು — ನಿನ್ನ ಅಜ್ಜಿ. ಎರಡು ವರ್ಷ ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ನಿನ್ನ ಕಣ್ಣೆದುರೇ ಒಬ್ಬ ಬಾಣಂತಿ ತೀರಿಹೋದ ಮೇಲೆ ಸೂಜಿ ಹಿಡಿದರೆ ನಿನ್ನ ಕೈ ನಡುಗುತ್ತಿತ್ತು. ನರ್ಸುಗಳಿಗೆಂದೇ ಫೋನಿನಲ್ಲಿ ಧ್ಯಾನ ಕಲಿಸುತ್ತಾರೆಂದು, ಶಿರಾ ಬಸ್ಸಿಗೆ ಹೊರಡುವ ಮುಂಚೆ ನೀನು ದಿನಾ ಕಣ್ಣು ಮುಚ್ಚಿ ಕೂರುತ್ತಿದ್ದೆ. ಫೋನಿನೊಳಗಿನ ಹೆಂಗಸು ಉಸಿರು ಎಳೀರಿ, ಬಿಡಿ ಅನ್ನುತ್ತಿದ್ದಳು. ನಿನ್ನ ಎದೆ ಏರಿಳಿಯುವುದನ್ನು ಕಂಡು ನನಗೆ ದಿಗಿಲಾಯಿತು. ನಮ್ಮ ಹಟ್ಟಿಯಲ್ಲಿ ಮೈಮೇಲೆ ದೇವರು ಬರುವುದು ಹೀಗೆಯೇ — ಮೊದಲು ಕಣ್ಣು ಮುಚ್ಚುತ್ತದೆ, ಆಮೇಲೆ ಉಸಿರು ಜೋರಾಗುತ್ತದೆ. ನನ್ನ ತಂಗಿಗೆ ಹಾಗೆ ಬಂದ ಮೇಲೆ ಗಂಡನ ಮನೆಯವರು ಅವಳನ್ನು ಮತ್ತೆ ಕರೆಸಿಕೊಳ್ಳಲಿಲ್ಲ. ನಿನಗೂ ಹಾಗಾದರೆ...

ಇದೇನೆಂದು ನಿನ್ನನ್ನೇ ಕೇಳಬಹುದಿತ್ತು. ಕೇಳಲಿಲ್ಲ, ಫೋನು ತೆಗೆದು ರಾಗಿಯೊಳಗೆ ಹೂತೆ.

"ಅಜ್ಜೀ, ನನ್ ಫೋನ್ ನೋಡಿದ್ಯಾ?"

"ನಂಗೆ ಅದನ್ನ ಹಿಡಿಯಾಕೇ ಬರಾಕಿಲ್ಲ. ಬಸ್ನಾಗೆ ಬೀಳಿಸ್ಬುಟ್ಟು ಬಂದಿದ್ದೀಯ ಕಣಮ್ಮ, ನಿನ್ ತಲೆ ಎಲ್ಲಿರ್ತದೋ!"

ನಾಲ್ಕನೆಯ ದಿನ ಸಂಜೆ ನೀನು ಕೆಲಸ ಬಿಡುವ ಕಾಗದ ಬರೆದು ದೇವರ ಗೂಡಿನಲ್ಲಿಟ್ಟೆ. ಮೂರನೇ ಕ್ಲಾಸು ಓದಿದವಳು ನಾನು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ — ನನ್ನ ಕೈನಡುಕ ನಿಲ್ಲುತ್ತಿಲ್ಲ, ಎಂದಿತ್ತು. ಉಸಿರಿನ ಪಾಠ ನಿಂತದ್ದಕ್ಕೇ ಅದು ಎಂದು ತಿಳಿಯಿತು. ಫೋನು ಒರೆಸಿ ತಂದು, ಹಾಸಿಗೆ ಸಂದಿಯಲ್ಲಿ ಸಿಕ್ಕಿತು ಅಂದೆ. ನೀನು ನನ್ನನ್ನು ತಬ್ಬಿಕೊಂಡು ಕುಣಿದೆ, ಕಾಗದ ಹರಿದೆ. ಮಾರನೆಯ ಬೆಳಿಗ್ಗೆ ಫೋನಿನೆದುರು ನನ್ನನ್ನು ಎಳೆದು ಕೂರಿಸಿದೆ.

"ಇವ್ಳೇ ನಮ್ಮಜ್ಜಿ. ನನ್ ಕೆಲ್ಸ ಉಳಿಸ್ದೋಳು!"

ಫೋನಿನ ಚಿಕ್ಕ ಚಿಕ್ಕ ಚೌಕಗಳೊಳಗಿಂದ, ನಿನ್ನ ಜೊತೆ ಧ್ಯಾನ ಕಲಿಯುವ ಮಧುಗಿರಿಯ, ಪಾವಗಡದ ನರ್ಸಮ್ಮಂದಿರು ನನಗೆ ಕೈಮುಗಿದರು. ನಾನೂ — ಮುಗಿದೆ.

ಮೊನ್ನೆ ನಿನ್ನ ಅತ್ತಿಗೆಗೆ ಹೆರಿಗೆಯಾದಾಗ ನಿಮ್ಮ ಆಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲ ಸಂದಿಯಿಂದ ಕಂಡೆ. ಕೂಸು ಅಳಲಿಲ್ಲ. ಎಲ್ಲರೂ ಗಾಬರಿಯಾಗಿದ್ದರು. ನೀನು ಅದರ ಬಾಯಿ ಒರೆಸುತ್ತಿದ್ದೆ, ಬೆನ್ನುಜ್ಜುತ್ತಿದ್ದೆ — ಕೈ ಒಂದಿಷ್ಟೂ ನಡುಗಲಿಲ್ಲ. ನನ್ನ ಮೊಮ್ಮಗಳ ಕೈಯೇ ಅದು? ಆಮೇಲೆ ಅತ್ತಿತು ನೋಡು ನನ್ನ ಮರಿಮಗಳು, ಇಡೀ ಆಸ್ಪತ್ರೆಗೆ ಕೇಳುವ ಹಾಗೆ! ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗಲೇ ಹೊಳೆದದ್ದು — ನಾನು ಆ ಕಾಗದ ಓದದೆ ಹೋಗಿದ್ದರೆ ಅಲ್ಲಿ ಆ ಕೈ ಇರುತ್ತಲೇ ಇರಲಿಲ್ಲ.

ಈಗ ಹೊಸ ನರ್ಸುಗಳಿಗೆ ಫೋನಿನಲ್ಲಿ ನೀನೇ ಧ್ಯಾನ ಹೇಳಿಕೊಡುತ್ತೀಯ. ಫೋನು ಹುಡುಕಿಕೊಟ್ಟೆನೆಂದು ಅವರಿಗೂ ನನ್ನ ಕಥೆ ಹೇಳಿ ಹೊಗಳುತ್ತೀಯ. ಇನ್ನು ಬೇಡ. ನಾಳೆ ಕ್ಲಾಸು ಶುರುವಾಗುವ ಮುಂಚೆ ಅಕ್ಷರ ಕೂಡಿಸಿ ಬರೆದ ಈ ಕಾಗದ ನಿನ್ನ ಕೈಗಿಡುತ್ತೇನೆ. ಅವರಿಗೂ ಓದಿ ಹೇಳು. ಆಮೇಲೆ ನೀನು ಕರೆದರೆ ಬಂದು ಪಕ್ಕ ಕೂರುತ್ತೇನೆ. ಕರೆಯದಿದ್ದರೆ, ಅಡುಗೆಮನೆಯೊಳಗೇ ಇರುತ್ತೇನೆ.