ಚಿಕ್ಕಪ್ಪ ಮಾರದ ಕಾರು

ಚಿಕ್ಕಪ್ಪನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಎಡಗೈಯದೇ ಇದ್ದರೂ ಇರಬಹುದು, ಇಂಥದ್ದರಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆ ಬೆರಳಿನಿಂದ ಅವರು ಎಲ್ಲವನ್ನೂ ಕುಟ್ಟಿ ನೋಡುತ್ತಿದ್ದುದು ಮಾತ್ರ ಖಚಿತ: ಎಡಿಸನ್ ಊರಿನ ಅಂಗಡಿಯ ತೆಂಗಿನಕಾಯಿ, ಹೊಸ ಮನೆಗಳ ಗೋಡೆ, ಹಳೆಯ ಕಾರುಗಳ ಬಾಗಿಲು.

ನನ್ನ ಚಿಕ್ಕಮ್ಮನ ಗಂಡ ಅವರು. ಪಕ್ಕದೂರು ಪಿಸ್ಕಾಟವೇಯ ಕಾಲೇಜಿನಲ್ಲಿ ಓದುವಾಗ ನಾನು ಅವರ ಮನೆಯಲ್ಲಿದ್ದೆ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ," ಎನ್ನುತ್ತಿದ್ದರು. ಒಮ್ಮೆ ನಾನು ಮೆಚ್ಚಿ ಕರೆತಂದಿದ್ದ ಹುಡುಗನ ಎದುರಿಗೇ ಹಾಗಂದಿದ್ದರು.

ಗರಾಜಿನಲ್ಲಿ ಎರಡು ಹಳೆಯ ಕಾರುಗಳಿದ್ದವು, ಒಂದು ಮಸ್ಟಾಂಗ್, ಇನ್ನೊಂದು ಕಮಾರೋ. ಮಸ್ಟಾಂಗ್ ಕೆಂಪಗೆ ಥಳಥಳಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಜನ ಕಿಟಕಿ ಇಳಿಸಿ ಮಾತಾಡಿಸುತ್ತಿದ್ದರು. ಕಮಾರೋದ ಹಸಿರು ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಆದರೂ ಹಳೆಯ ಕಾರು ಸಂಗ್ರಹಿಸುವವರಿಗೆ ಕಮಾರೋನೇ ಮೇಲು ಎಂಬುದು ಅವರ ವಾದ. ಎಂಜಿನ್ ಮೇಲಿನ ನಂಬರೂ ಬಾಡಿಯ ನಂಬರೂ ಹೊಂದಿದರೆ ಆ ಎಂಜಿನ್ ಕಾರಿನ ಜೊತೆಗೇ ಹುಟ್ಟಿದ್ದು, ಆಮೇಲೆ ಬದಲಾಯಿಸಿದ್ದಲ್ಲ; ಅಂಥ ಕಾರಿಗೇ ಬೆಲೆ. ಕಮಾರೋದಲ್ಲಿ ಹೊಂದುತ್ತಿತ್ತು, ಟಾರ್ಚ್ ಹಿಡಿದು ನನಗೂ ತೋರಿಸಿದ್ದರು.

"ಮಸ್ಟಾಂಗಿನದು?" ಎಂದೆ.

"ಹೊಂದುತ್ತೆ ಅಂತ ಅಣ್ಣ ಅಂದಿದಾನೆ."

"ನೀವು ನೋಡಿದ್ರಾ?"

"ಅಣ್ಣ ಅಂದಿದಾನೆ ಅಂದೆನಲ್ಲ!"

ಆ ಕಾರನ್ನು ಅವರಿಗೆ ಮಾರಿದ್ದು ಅವರ ಒಡಹುಟ್ಟಿದ ಅಣ್ಣ. ಚಿಕ್ಕಪ್ಪನನ್ನು ಈ ದೇಶಕ್ಕೆ ಕರೆಸಿಕೊಂಡು, ತಮ್ಮ ಮೋಟೆಲಿನಲ್ಲಿ ಮೊದಲ ಕೆಲಸ ಕೊಟ್ಟವರೂ ಅವರೇ.

ಚಿಕ್ಕಪ್ಪನಿಗೆ ಮಂಡಿನೋವು ಹೆಚ್ಚಿ, ಮನೆ ಮಾರಿ, ಒಂದೇ ಕಾರಿನ ಗರಾಜಿರುವ ಕಾಂಡೋ ಫ್ಲ್ಯಾಟಿಗೆ ಹೋಗಬೇಕಾದಾಗ ಎರಡರಲ್ಲಿ ಒಂದನ್ನು ಬಿಡಲೇಬೇಕಾಯಿತು. ಬಾಸ್ಕಿಂಗ್ ರಿಡ್ಜ್ ಎಂಬ ಊರಿನಿಂದ, ಮೂಲತಃ ಹುಬ್ಬಳ್ಳಿ ಕಡೆಯವರಾದ ಹಲ್ಲಿನ ಡಾಕ್ಟರೊಬ್ಬರು ನೋಡಲು ಬಂದರು. ಮಸ್ಟಾಂಗಿನ ಬಾನೆಟ್ ಎತ್ತಿಸಿ, ಬಗ್ಗಿ, ಎಂಜಿನ್ ಮೇಲೆ ಟಾರ್ಚ್ ಬಿಟ್ಟರು. ಚಿಕ್ಕಪ್ಪ ತಟ್ಟನೆ ಬಾನೆಟ್ ಮುಚ್ಚಿಬಿಟ್ಟರು.

"ಅಂಕಲ್, ಹಲ್ಲು ಕೀಳೋ ಕೈರೀ ಇದು, ಸಿಕ್ಕೊಂಡಿದ್ರ! ನಂಬರ್ ನೋಡಬಾರದೇನ್ರೀ?"

"ಇದು ಮಾರೋದಕ್ಕಿಲ್ಲ. ಕಮಾರೋ ತಗೊಳ್ಳಿ."

"ಫೋನ್‌ನ್ಯಾಗ ಎರಡರಾಗ ಯಾವುದಾದ್ರೂ ತಗೋ ಅಂದಿದ್ರಿ."

"ಕಮಾರೋದಲ್ಲಿ ಸುಳ್ಳಿಲ್ಲ."

"ಹಂಗಾರ ಇದರಾಗ ಐತೇನ್ರೀ?"

ಒಳಬಾಗಿಲಿನಿಂದ ಚಿಕ್ಕಮ್ಮ, "ಬನ್ನಿ, ಕಾಫಿ ಆರೋಗುತ್ತೆ," ಎಂದು ಕೂಗಿದರು. ಒಳಗೆ ಹೋಗಿ ನೋಡಿದರೆ ಡಿಕಾಕ್ಷನ್ ಇನ್ನೂ ಇಳಿಯುತ್ತಿತ್ತು.

ಕೊನೆಗೆ ಡಾಕ್ಟರ ಜೊತೆ ಕಮಾರೋ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಚಿಕ್ಕಪ್ಪ ಡ್ರೈವ್‌ವೇಯಲ್ಲಿ ನಿಂತಿದ್ದರು. ಆ ಭಾನುವಾರ ಊಟಕ್ಕೆ ಬಂದ ಅಣ್ಣ, "ಒಳ್ಳೇದನ್ನೇ ಉಳಿಸ್ಕೊಂಡೆ ಬಿಡೋ," ಎಂದು ಬೆನ್ನು ತಟ್ಟಿದರು. ಚಿಕ್ಕಪ್ಪ, "ಅಣ್ಣಂಗೆ ಇನ್ನೊಂದು ಹೋಳಿಗೆ ಹಾಕೇ," ಎಂದರು. ಆಗ ಚಿಕ್ಕಪ್ಪನ ಮುಖ ಇಳಿದಿದ್ದನ್ನು ನಾನು ನಿಜಕ್ಕೂ ಕಂಡೆನೋ, ಆಮೇಲೆ ಕಲ್ಪಿಸಿಕೊಂಡೆನೋ, ಹೇಳಲಾರೆ.

ಹೋದ ಚಳಿಗಾಲ ಚಿಕ್ಕಪ್ಪ ತೀರಿಕೊಂಡರು. ವಿಚಾರಿಸದೆ ಯಾವುದನ್ನೂ ನಂಬಬಾರದೆಂದು ನನಗೆ ಕಲಿಸಿದವರು ಅವರೇ. ಅದಕ್ಕೇ ಇರಬೇಕು, ಕೇಳದಿರಲಾಗಲಿಲ್ಲ. ಫೋನಿನ ಆ ಕಡೆಯಿಂದ ಚಿಕ್ಕಮ್ಮ ಹಿಮ ಬೀಳುತ್ತಿರುವ ಮಾತೆತ್ತಿದರು. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಅವರು ಮಸ್ಟಾಂಗಿನ ಆ ನಂಬರ್ ಮೊದಲೇ ನೋಡಿದ್ರು, ಅಲ್ವಾ?"