ಹನುಮಂತಮ್ಮನವರ ಬಡಗಣ ಬೇಲಿ

1939ರ ಮೇ 11, ಗುರುವಾರ, ಹನುಮಂತಮ್ಮ ಚೌಳಹಿರಿಯೂರಿಗೆ ಸೊಸೆಯಾಗಿ ಬಂದರು. ಗಂಡ ತೀರಿಕೊಂಡ ಮೇಲೆ ತೆಂಗಿನ ತೋಟದ ಉಸ್ತುವಾರಿ ಅವರದೇ ಆಯಿತು. ಬೇಲಿ ಸವರಿಸುವಾಗ ಅವರದೊಂದು ಕಟ್ಟಳೆಯಿತ್ತು: ಕಳ್ಳಿಯ ಸಂದಿಯಲ್ಲಿ ಬೆಳವನ ಹಕ್ಕಿಯ ಗೂಡು ಕಂಡರೆ ಅಲ್ಲಿ ಒಂದು ಮಾರು ಬೇಲಿಯನ್ನು ಬಿಟ್ಟು ಉಳಿದುದನ್ನು ಕಡಿಸಬೇಕು. ಮೊಟ್ಟೆಯಿಟ್ಟ ಇಪ್ಪತ್ತೆಂಟನೆಯ ದಿನಕ್ಕೆ ಮರಿಗಳು ಹಾರುತ್ತವೆಂಬುದನ್ನು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಅವರೇ ಕಂಡುಕೊಂಡಿದ್ದರು.

1973ರ ಮೇ 2, ಬುಧವಾರ, ಮೂಡಣ ಬೇಲಿಯಲ್ಲಿ ರಾತ್ರಿ ಕೊಂಬೆಯಿಂದ ಕೊಂಬೆಗೆ ನಡೆಯುವ ದುಂಡುಗಣ್ಣಿನ ಕಾಡುಪಾಪವೊಂದು ಮುದ್ದೆಯಾಗಿ ಮಲಗಿದ್ದುದು ಕಂಡಿತು. ಕಡಲಾಚೆಯ ಮಡಗಾಸ್ಕರ್ ದ್ವೀಪದಲ್ಲಿ ಅಳಿದುಹೋಗುತ್ತಿರುವ ಲೀಮರ್ ಎಂಬ ಮರವಾಸಿ ಪ್ರಾಣಿಗಳಿಗೆ ಇದು ದೂರದ ನೆಂಟನೆಂದು ಮೇಷ್ಟ್ರು ಮಲ್ಲಿಕಾರ್ಜುನಯ್ಯ ತಿಳಿಸಿದರು. ಬೆಳವನ ಹಕ್ಕಿಗೆ ಬಿಡುವಂತೆಯೇ ಹನುಮಂತಮ್ಮ ಅದಕ್ಕೂ ಒಂದು ಮಾರು ಬಿಟ್ಟು ಉಳಿದುದನ್ನು ಕಡಿಸಿದರು. ಏಳನೆಯ ದಿನ ಬೆಳಿಗ್ಗೆ ಅದು ದಾರಿಯಲ್ಲಿ ಗಾಡಿಯ ಚಕ್ರಕ್ಕೆ ಸಿಕ್ಕಿ ಸತ್ತು ಬಿದ್ದಿತ್ತು. ಗಾಡಿ ಅವರದೇ.

1978ರ ಏಪ್ರಿಲ್ 14, ಶುಕ್ರವಾರ, ಮೈದುನ ಚೌಡಪ್ಪ ಕಲ್ಲುಕಂಬ, ಮುಳ್ಳುತಂತಿ ತರಿಸಿ ಬಡಗಣ ಬೇಲಿಗೆ ಮಚ್ಚು ಹಾಕಿದ. ಮೂರನೆಯ ಏಟಿಗೆ ಬೆಳವನ ಹಕ್ಕಿ ಗೂಡಿನಿಂದ ಪಟಪಟನೆ ಹಾರಿತು. ಪಕ್ಕದ ಪೊದೆಯಲ್ಲೇ ಕಾಡುಪಾಪ. ಹೊಟ್ಟೆಗೆ ಮರಿಯನ್ನು ಅವುಚಿಕೊಂಡಿತ್ತು.

"ಅತ್ಗೆಮ್ಮಾ, ನಿಮ್ ಕಾಯ್ದೆ ಇದ್ದೇ ಐತಲ್ಲ. ಎರಡಕ್ಕೂ ಸೇರ್ಸಿ ಒಂದ್ ಮಾರು ಬಿಡ್ತೀನಿ."

"ಬ್ಯಾಡ ಕಣಪ್ಪಾ. ಬೆಳವಂಗೆ ರೆಕ್ಕೆ ಐತೆ. ನಾಕ್ ಕಡ್ಡಿ ಸಿಕ್ರೆ ಎಲ್ಲಾದ್ರೂ ಗೂಡು. ಮೊಟ್ಟೆ ಹೋದ್ರೆ ಮತ್ತೆರಡು ಇಕ್ತದೆ. ಇದುಕ್ಕೆ ಬೇಲಿನೇ ದಾರಿ. ತುಂಡು ಮಾಡಿದ್ರೆ ನೆಲಕ್ಕಿಳೀತದೆ. ಹೋದ್ಸಲ ಇಳಿಸ್ದೋಳು ನಾನೇ."

"ಹಂಗಾರೆ ಈ ತಂತಿ ಏನು, ನಿಮ್ ಸೀರೆ ಒಣಗಾಕಕ್ಕಾ?"

"ಬೇಲಿಯಿಂದ ಒಳಗಡೆ ಎಳಿ. ಒಂದ್ ಸಾಲು ಜಾಗ ಹೋದ್ರೆ ಹೋಗ್ಲಿ."

"ಆ ಸಾಲಲ್ಲಿ ಹದಿನಾಲ್ಕು ತೆಂಗಿನ ಸಸಿ ಅವೆ ಕಣಮ್ಮಾ!"

"ಕಿತ್ತು ಇನ್ನೂ ಒಳಗಡೆ ನೆಡು. ಸಸೀನ ನಾವು ಎತ್ಕಂಡ್ ಹೋಗ್ಬೋದು."

ಚೌಡಪ್ಪ ಎರಡು ದಿನ ಗೊಣಗಿದ. ಮೂರನೆಯ ದಿನ ಗುಂಡಿ ತೋಡಿದ. ಹದಿನಾಲ್ಕರಲ್ಲಿ ಹನ್ನೊಂದು ಸಸಿ ಬೇರು ಹಿಡಿದವು. ಮರುವರ್ಷವೇ ಬೆಳವನ ಹಕ್ಕಿ ಹೊಸ ಕಲ್ಲುಕಂಬದ ನೆತ್ತಿಯ ಮೇಲೆ ಗೂಡು ಕಟ್ಟಿತು. ಕಾಡುಪಾಪ ಬೇಲಿ ಬಿಟ್ಟು ಕದಲಲಿಲ್ಲ.

1986ರ ನವೆಂಬರ್ 9, ಭಾನುವಾರ, ಹನುಮಂತಮ್ಮ ತೀರಿಕೊಂಡರು. ಮುಂದಿನ ಬೇಸಿಗೆಯಲ್ಲಿ ಬೇಲಿ ಸವರಲು ಬಂದ ಆಳುಗಳು ಬಡಗಣ ದಿಕ್ಕಿಗೆ ತಿರುಗುತ್ತಿದ್ದಂತೆ ಚೌಡಪ್ಪ ಜಗಲಿಯಿಂದಲೇ ಕೂಗಿದ: "ಲೇ, ಆ ಕಡೆ ಮಚ್ಚು ಹಾಕ್ಬ್ಯಾಡ್ರೋ. ಅದು ಬೇಲಿಯಲ್ಲ, ದಾರಿ."