ಹತ್ತಿ ಮಿಲ್ಲಿನ ಹಿಂದಿನ ಮನೆಯ ಬಿಳಿ ಉಂಡೆಗಳು

ಆ ಫೋಟೋಗಳು ಈಗ ಯಾರ ಬಳಿಯೂ ಇಲ್ಲ. ಅಕ್ಕನ ಹಳೆಯ ಫೋನು ನೀರಿನ ತೊಟ್ಟಿಗೆ ಬಿದ್ದು ಕೆಟ್ಟಿತು. ಭಾವ ತನ್ನ ಫೋನು ತುಂಬಿತೆಂದು ಒಂದು ದಿನ ಎಲ್ಲವನ್ನೂ ಅಳಿಸಿದಾಗ ಅವೂ ಹೋದವು. ನಾನು ಜೋಪಾನವಾಗಿ ಇಟ್ಟಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಹುಡುಕಿದಾಗ ಸಿಕ್ಕಿದ್ದು ಕಾಲೇಜಿನ ಪ್ರಶ್ನೆಪತ್ರಿಕೆಗಳ ಚಿತ್ರಗಳು ಮಾತ್ರ. ಹೀಗಾಗಿ ಅವುಗಳಲ್ಲಿ ಏನಿತ್ತು ಎಂಬುದು ಈಗ ಬರೀ ನೆನಪಿನ ಮಾತು. ನನ್ನ ನೆನಪಿನಲ್ಲಿ ಖಾಲಿ ಪಡಸಾಲೆಯ ನಡುವೆ ಅಕ್ಕ ನಿಂತಿದ್ದಾಳೆ, ಅವಳ ತಲೆಯ ಸುತ್ತ ಬಿಳಿ ಉಂಡೆಗಳು ತೇಲುತ್ತಿವೆ. ಅಕ್ಕ ಹೇಳುವುದು ಬೇರೆ: ಅವಳು ಚಿತ್ರದಲ್ಲಿ ಇರಲೇ ಇಲ್ಲ, ಇದ್ದದ್ದು ಬರೀ ಗೋಡೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು, ಕಂಡದ್ದನ್ನೂ ಇನ್ನೊಮ್ಮೆ ಪರೀಕ್ಷಿಸಿ ನೋಡಿ ಎಂದು ಮಕ್ಕಳಿಗೆ ಹೇಳಿಕೊಡುವ ನಾನು, ನನ್ನದೇ ಅಕ್ಕ ಒಂದು ಫೋಟೋದಲ್ಲಿ ಇದ್ದಳೋ ಇಲ್ಲವೋ ಎಂದು ಖಚಿತವಾಗಿ ಹೇಳಲಾರೆ. ಉಂಡೆಗಳು ಇದ್ದವು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ಅಕ್ಕ ಕೆಲಸ ಮಾಡುವುದು ಒಂದು ಸರ್ಕಾರಿ ಆಫೀಸಿನಲ್ಲಿ. ಆಂಧ್ರದ ಆಲೂರಿನಲ್ಲಿ ಮನೆಯ ಹತ್ತಿರವೇ ಇದ್ದವಳಿಗೆ ಆದೋನಿಗೆ ವರ್ಗವಾಯಿತು. ಬೆಳಿಗ್ಗೆ ಮಗಳು ಏಳುವ ಮುಂಚೆ ಬಸ್ಸು ಹತ್ತುವುದು, ರಾತ್ರಿ ಮಗಳು ಮಲಗಿದ ಮೇಲೆ ಮನೆ ಸೇರುವುದು. ಒಂದು ಭಾನುವಾರ ಮಗಳು ಅಕ್ಕನನ್ನು ನೋಡಿ, "ಇವತ್ತು ನೀನು ನಮ್ಮನಿಗೆ ಬಂದೀಯಾ?" ಎಂದು ಕೇಳಿದಳಂತೆ. ಅಕ್ಕ ಅದನ್ನು ನಗುತ್ತಲೇ ಫೋನಿನಲ್ಲಿ ಹೇಳಿದಳು, ಆದರೆ ಅದೇ ವಾರ ಆದೋನಿಯಲ್ಲಿ ಮನೆ ಹುಡುಕಲು ಶುರು ಮಾಡಿದಳು.

ಸಿಕ್ಕ ಮನೆ ಅವಳ ಆಫೀಸಿಗೆ ನಡೆದು ಹೋಗುವಷ್ಟು ದೂರದಲ್ಲಿ, ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯಲ್ಲಿತ್ತು. ಹೊಸ ಸುಣ್ಣ, ನಲ್ಲಿ, ಓಣಿಯ ತುದಿಗೇ ಶಾಲೆ. ಆದರೆ ಮಗುವನ್ನು ನೋಡಿಕೊಳ್ಳುವವರು ಅಕ್ಕನ ಅತ್ತೆ. ಅವರು ಬರದಿದ್ದರೆ ಮನೆ ಎಷ್ಟು ಹತ್ತಿರವಿದ್ದರೂ ಪ್ರಯೋಜನವಿಲ್ಲ. ಭಾವ ಬೀಜದ ಕಂಪನಿಯೊಂದರ ಪರವಾಗಿ ಊರೂರು ತಿರುಗುವವನು. ಅವನಿಗೆ ಯಾವ ಊರಾದರೂ ಒಂದೇ. "ನೀವು ಹೆಂಗಂದ್ರ ಹಂಗ," ಎನ್ನುವುದು ಅವನ ಕಾಯಂ ಉತ್ತರ. ಆದ್ದರಿಂದ ಅಕ್ಕ ಅತ್ತೆಯನ್ನೇ ಕರೆದುಕೊಂಡು ಮನೆ ನೋಡಲು ಹೋದಳು.

ಮಾಲೀಕ ಮುತುವರ್ಜಿಯ ಮನುಷ್ಯ. ಇವರು ಹೋಗುವ ಸ್ವಲ್ಪ ಮುಂಚೆ ಇಡೀ ಮನೆ ಗುಡಿಸಿಟ್ಟಿದ್ದ. ಹಿಂದಿನ ಬಾಡಿಗೆಯವರು ಬಲ್ಬುಗಳನ್ನೂ ಬಿಚ್ಚಿಕೊಂಡು ಹೋಗಿದ್ದರಿಂದ ಪಡಸಾಲೆ ಸಂಜೆಗೇ ಮಬ್ಬಾಗಿತ್ತು. ಅಡುಗೆಮನೆಯಲ್ಲಿ ಮಾತ್ರ ಒಂದು ಬಲ್ಬು ಉಳಿದಿತ್ತು. ಬೀರು ಎಲ್ಲಿ ಕೂರುತ್ತದೆಂದು ಅಕ್ಕ ಗೇಣಿನಲ್ಲಿ ಗೋಡೆ ಅಳೆಯುತ್ತ, ಭಾವನಿಗೆ ತೋರಿಸಲೆಂದು ಫೋನನ್ನು ಅತ್ತೆಯ ಕೈಗೆ ಕೊಟ್ಟು ಫೋಟೋ ತೆಗೆಯಲು ಹೇಳಿದಳು. ಪಡಸಾಲೆಯದೊಂದು, ಅಡುಗೆಮನೆಯದೊಂದು. ಅತ್ತೆಗೆ ಮನೆ ಹಿಡಿಸಿತು. "ಸೋಮವಾರಂ ದಾಕಾ ಚೂಸ್ತಾನಮ್ಮಾ," ಎಂದ ಮಾಲೀಕ ತೆಲುಗಿನಲ್ಲಿ. ಸೋಮವಾರದವರೆಗೆ ಬೇರೆ ಯಾರಿಗೂ ಕೊಡುವುದಿಲ್ಲವೆಂದು. ಅಲ್ಲಿಯವರೆಗೂ ಎಲ್ಲ ಸುಸೂತ್ರ.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ತಾವು ತೆಗೆದ ಫೋಟೋಗಳನ್ನು ನೋಡಿದರು. ಪಡಸಾಲೆಯ ತುಂಬ ಬಿಳಿ ಉಂಡೆಗಳು. ಅಡುಗೆಮನೆಯ ಬಲ್ಬಿನಿಂದ ಛಾವಣಿಯವರೆಗೆ ಓರೆಯಾಗಿ ಎಳೆದ ಬೆಳಕಿನ ಒಂದು ಉದ್ದನೆಯ ಪಟ್ಟಿ. ಆಲೂರಿನಲ್ಲಿ ಇಳಿಯುವ ಹೊತ್ತಿಗೆ ಅವರು ತೀರ್ಮಾನ ಮಾಡಿಯಾಗಿತ್ತು.

"ಆ ಮನಿ ಬ್ಯಾಡವ್ವ. ಅಲ್ಲಿ ಮೊದ್ಲ ಯಾರೋ ಅದಾರ."

ನಾನು ಆಗ ಎಮ್ಮಿಗನೂರಿನಲ್ಲಿ ಪಾಠ ಮಾಡುತ್ತಿದ್ದೆ. ಅಕ್ಕ ಚಿತ್ರಗಳನ್ನು ಕಳಿಸಿ, "ನೀನು ಓದಿದ್ದು ಒಮ್ಮೆರ ಉಪಯೋಗಕ್ಕ ಬರ್ಲಿ, ಬಾ," ಎಂದಳು. ಚಿತ್ರ ನೋಡಿ ನನಗೆ ಖುಷಿಯೇ ಆಯಿತು. ಉತ್ತರ ಗೊತ್ತಿರುವ ಪ್ರಶ್ನೆ ಮೇಷ್ಟರಿಗೆ ಸಿಗುವುದು ಹಬ್ಬವಿದ್ದ ಹಾಗೆ. ಚಳಿಗಾಲ, ಹತ್ತಿ ಬರುವ ಕಾಲ. ಆ ದಿನಗಳಲ್ಲಿ ಆದೋನಿಯ ಆ ಭಾಗದಲ್ಲಿ ಜಾಲಿ ಗಿಡ, ಕರೆಂಟಿನ ತಂತಿ, ನಿಂತ ಎಮ್ಮೆಯ ಬೆನ್ನು, ಎಲ್ಲದರ ಮೇಲೂ ಹತ್ತಿಯ ಎಳೆ ಕೂತಿರುತ್ತದೆ. ಅದರ ಮೇಲೆ ಆಗಷ್ಟೇ ಗುಡಿಸಿದ ಮನೆ. ಗಾಳಿಯಲ್ಲಿ ಏನಿರುತ್ತದೆಂದು ಬೇರೆ ಹೇಳಬೇಕೆ?

ಭಾನುವಾರ ಬೆಳಿಗ್ಗೆ ಆಲೂರಿಗೆ ಹೋದೆ. ಅತ್ತೆ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ ಮಾಡಿದ್ದರು. ತಿನ್ನುವುದಕ್ಕೆ ಮುಂಚೆಯೇ ಪಾಠ ಶುರು ಮಾಡಿದೆ. ಫೋನಿನಲ್ಲಿ ದೀಪ ಮತ್ತು ಕ್ಯಾಮೆರಾದ ಕಣ್ಣು ಅಕ್ಕಪಕ್ಕದಲ್ಲೇ ಇರುತ್ತವೆ. ಮಬ್ಬಿನಲ್ಲಿ ದೀಪ ಮಿಂಚಿದಾಗ ಕಣ್ಣಿನ ಮುಂದೆಯೇ ತೇಲುವ ಧೂಳಿನ ಕಣಕ್ಕೆ ಜೋರಾಗಿ ಬೆಳಕು ಬಿದ್ದು ಹಿಂದಕ್ಕೆ ಹೊಡೆಯುತ್ತದೆ. ಕಣ ತೀರಾ ಹತ್ತಿರವಿರುವುದರಿಂದ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡದೆ ಹರಡಿಕೊಂಡು ದುಂಡಗಾಗುತ್ತದೆ. ಅಷ್ಟೇ.

ಅತ್ತೆ ಗಮನವಿಟ್ಟು ಕೇಳಿದರು. "ನಮ್ಮ ಮದ್ವಿ ಫೋಟೋದಾಗ ಯಾಕ ಇಲ್ಲ ಹಂಗಾರ? ಆವಾಗ ಚಪ್ಪರದಾಗ ಎಷ್ಟ್ ಧೂಳು."

"ಆವಾಗಿನ ಕ್ಯಾಮೆರಾದಾಗ ದೀಪ ಮ್ಯಾಲೆ ದೂರ ಇರ್ತಿತ್ತು, ಅತ್ತಿ. ಅದಕ್ಕ ಬೀಳ್ತಿದ್ದಿಲ್ಲ."

"ಅಲ್ಲಪ್ಪ. ಆವಾಗ ಅವು ಇದ್ದಿಲ್ಲ. ಈಗ ಬಂದಾವ."

ಛಾವಣಿಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದಿತ್ತು. ಅದರೊಳಗೆ ಕುಣಿಯುತ್ತಿದ್ದ ಧೂಳನ್ನು ತೋರಿಸಿದೆ. "ಅವು ಸಾಸಿವಿಗಿಂತ ಸಣ್ಣವು," ಎಂದರು ಅತ್ತೆ, "ಫೋಟೋದಾಗಿನವು ನಿಂಬಿಹಣ್ಣಿನಂಗ ಅದಾವ." ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದೆಂದು ತೋರಿಸಲು, ಒಂದು ಕಣ್ಣು ಮುಚ್ಚಿ ಇನ್ನೊಂದರ ಮುಂದೆ ಕಿರುಬೆರಳು ಹಿಡಿಯಿರಿ ಎಂದೆ. ಅತ್ತೆ ಹಿಡಿದರು. ಅಕ್ಕ, ಭಾವ, ಮಗು ಎಲ್ಲರೂ ಹಿಡಿದರು. ಅದೇ ಹೊತ್ತಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, ಮನೆಮಂದಿಯೆಲ್ಲ ಒಕ್ಕಣ್ಣು ಮಾಡಿಕೊಂಡು ಬೆರಳು ನೋಡುತ್ತಿರುವುದನ್ನು ಕಂಡು, ಏನೂ ಕೇಳದೆ ವಾಪಸು ಹೋದಳು.

"ಹೋದ್ಲು ನೋಡು. ಇನ್ನ ಊರೆಲ್ಲ ಸುದ್ದಿ," ಎಂದ ಭಾವ.

ಅಡುಗೆಮನೆಯ ಪಟ್ಟಿಯ ವಿಷಯದಲ್ಲಿ ನನಗೆ ಒಂದು ಗೆಲುವು ಸಿಕ್ಕಿತು. ಅಕ್ಕನ ಫೋನನ್ನು ಬೆಳಕಿಗೆ ಹಿಡಿದು ನೋಡಿದರೆ ಕ್ಯಾಮೆರಾದ ಗಾಜಿನ ಮೇಲೆ ಬೆರಳು ಎಳೆದ ಜಿಡ್ಡು ಇನ್ನೂ ಇತ್ತು. ಬಲ್ಬಿಗೆ ಹಿಡಿದು ಒಂದು ಚಿತ್ರ ತೆಗೆದೆ: ಅದೇ ಓರೆ ಪಟ್ಟಿ. ಟವೆಲಿನಿಂದ ಒರೆಸಿ ಇನ್ನೊಂದು ತೆಗೆದೆ: ಪಟ್ಟಿ ಮಾಯ.

"ಅವತ್ತು ಹೊರಡಾಕ ಮುಂಚೆ ತಲಿಗೆ ಕೊಬ್ರಿ ಎಣ್ಣಿ ಹಚ್ಚಿಕೆಂಡಿದ್ರಲ್ಲ, ಅತ್ತಿ," ಎಂದು ಅಕ್ಕ ಮೆಲ್ಲಗೆ ಹೇಳಿದಳು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅದು ನನ್ನ ಎಣ್ಣಿ, ಒಪ್ಪಿದೆ. ಉಂಡಿ ಎಣ್ಣಿ ಅಲ್ಲಲ್ಲ?"

ಆ ಗೆಲುವೇ ನನ್ನನ್ನು ಕೆಡಿಸಿತು. "ಧೂಳು ಎಲ್ಲಿದ್ರೂ ಉಂಡಿ ಬರ್ತಾವ, ಅತ್ತಿ. ಈ ಮನ್ಯಾಗ ತೆಗದ್ರೂ ಬರ್ತಾವ," ಎಂದುಬಿಟ್ಟೆ.

ಅಕ್ಕ ನನ್ನನ್ನು ನೋಡಿದ ರೀತಿಯಲ್ಲೇ ತಪ್ಪಿದ್ದು ಗೊತ್ತಾಯಿತು. ದಿನಕ್ಕೆರಡು ಸಲ ಗುಡಿಸಿ, ವಾರಕ್ಕೊಮ್ಮೆ ತೊಲೆಗಳ ಜೇಡರಬಲೆ ತೆಗೆಯುವ ಹೆಂಗಸು ಅವರು. ಭಾವ ಗಾಡಿಯ ಗಾಳಿ ನೋಡಬೇಕೆಂದು ಎದ್ದ.

"ಕುಂದ್ರಲೇ ನೀನು," ಎಂದರು ಅತ್ತೆ. ನನ್ನ ಕಡೆ ತಿರುಗಿ, "ನಮ್ಮನ್ಯಾಗ ಧೂಳು ಐತೇನಪ್ಪ? ತೋರ್ಸು. ತೋರ್ಸಿದ್ರ ನಿನ್ನ ಮಾತು ಖರೆ."

ನಡುಮನೆಯ ಬಾಗಿಲು ಹಾಕಿ ಕತ್ತಲು ಮಾಡಿದೆವು. ಹಳೆಯ ಹತ್ತಿಯ ದಿಂಬೊಂದನ್ನು ಭಾವನ ಕೈಗೆ ಕೊಟ್ಟು ಗೋಡೆಗೆ ಬಡಿಯಲು ಹೇಳಿದೆ. ದಿಂಬು ಬಡಿದದ್ದು ತಾನೇ ಎಂದು ಅಕ್ಕ ಇವತ್ತಿಗೂ ವಾದಿಸುತ್ತಾಳೆ. ಯಾರೇ ಬಡಿದಿರಲಿ, ಆ ಸಿಟ್ಟಿನಲ್ಲಿ ಅಕ್ಕನೇ ಚೆನ್ನಾಗಿ ಬಡಿಯುತ್ತಿದ್ದಳು ಎಂದು ಈಗ ನನಗೂ ಅನ್ನಿಸುತ್ತದೆ. ನಾನು ಫ್ಲ್ಯಾಶ್ ಹಾಕಿ ಚಿತ್ರ ತೆಗೆದೆ. ಎಂಥ ಚಿತ್ರ ಅದು. ಆದೋನಿಯ ಮನೆಯ ಉಂಡೆಗಳು ಇದರ ಮುಂದೆ ಲೆಕ್ಕಕ್ಕಿಲ್ಲ. ತೊಲೆಯಿಂದ ನೆಲದವರೆಗೆ ದೊಡ್ಡವು, ಸಣ್ಣವು, ಒಂದರ ಮೇಲೊಂದು. ಫೋನನ್ನು ಅತ್ತೆಯ ಕೈಗೆ ಕೊಟ್ಟು, ಬಹುಮಾನಕ್ಕೆ ಕಾಯುವವನ ಹಾಗೆ ನಿಂತೆ.

ಅತ್ತೆ ಬಹಳ ಹೊತ್ತು ನೋಡಿದರು.

"ಇಲ್ಲೂ ಅದಾವಲ್ಲ," ಎಂದರು.

"ಅದನ್ನ ಹೇಳಿದ್ದು ನಾನು."

"ಯಾವಾಗಿಂದ ಅದಾವ?"

"ಏನು, ಅತ್ತಿ?"

"ಇವು. ನಾನು ಲಗ್ನ ಆಗಿ ಬಂದಾಗಿಂದ ಇದೇ ಕ್ವಾಣ್ಯಾಗ ಮಲಗೀನಿ. ಒಂದು ದಿನ ಗೊತ್ತಾಗ್ಲಿಲ್ಲ ನೋಡು."

ನಾನು ಧೂಳು, ಬೆಳಕು ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅವರು ಕೇಳುತ್ತಿರಲಿಲ್ಲ. ಫೋನು ಹಿಡಿದು ಮನೆಯಿಡೀ ತಿರುಗಿದರು, ಬಡಿದ ದಿಂಬಿನ ಧೂಳು ಅವರ ಹಿಂದೆಯೇ ತಿರುಗಿತು. ದೇವರ ಗೂಡಿನ ಮುಂದೆ ಒಂದೆರಡೇ ಉಂಡೆ ಬಂದವು. "ಇಲ್ಲಿ ಅಂಜಿಕೆಂಡು ಕುಂತಾವ," ಎಂದರು. ಭಾವನ ಮಂಚದ ಹತ್ತಿರ ರಾಶಿ ಉಂಡೆ. "ನಿನ್ನ ಹಾಸಿಗ್ಯಾಗ ಭಾಳ ಅದಾವ. ಎಷ್ಟ್ ಸಲ ಹೇಳೀನಿ ಒಗಿಯಾಕ ಹಾಕಂತ." ಈ ಮಾತು ಕೇಳಿದಾಗ ಅವರು ನಿಜಕ್ಕೂ ಏನನ್ನು ನಂಬುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಅಕ್ಕ ಮಾತ್ರ ಮೂಲೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಆದೋನಿಯ ಮನೆ ಸಿಗುವುದಿರಲಿ, ಇದ್ದ ಮನೆಯಲ್ಲೂ ಇನ್ನು ನೆಮ್ಮದಿಯಿಂದ ಮಲಗಲಾರದ ಹಾಗೆ ಮಾಡಿಬಿಟ್ಟೆನಲ್ಲ ಎಂದುಕೊಂಡೆ.

ಅತ್ತೆ ಕೊನೆಗೆ ಬಂದು ನಮ್ಮ ನಡುವೆ ಕೂತರು. ಫೋನನ್ನು ಮಗುಚಿ ನೆಲದ ಮೇಲಿಟ್ಟರು.

"ಇಷ್ಟ್ ವರ್ಷ ಇದ್ದು ಏನರ ಮಾಡ್ಯಾವೇನು ನಮಗ? ಇಲ್ಲ. ಮಕ್ಳಾದ್ವು, ಮೊಮ್ಮಗಳು ಆತು. ಇಲ್ಲಿ ಸುಮ್ನ ಇದ್ದಂಗ ಅಲ್ಲೂ ಸುಮ್ನ ಇರ್ತಾವ. ಅವಕ್ಕಂಜಿ ನಾವ್ಯಾಕ ಮನಿ ಬಿಡಬೇಕು?" ಆಮೇಲೆ ಅಕ್ಕನಿಗೆ, "ನಾಳೆ ಆಫೀಸಿಗೆ ಹೋಗೂ ಮುಂದ ಆ ಮನಿ ಮಾಲೀಕಗ ಹ್ಞೂಂ ಅಂತ ಹೇಳಿಬಿಡು."

ಇಲ್ಲಿಂದ ಮುಂದಿನ ಒಂದು ನಿಮಿಷದ ಬಗ್ಗೆಯೇ ನಮ್ಮ ಮನೆಯಲ್ಲಿ ಜಗಳ. ನನ್ನ ನೆನಪು ಹೀಗಿದೆ: ನಾನು "ಅತ್ತಿ, ಅಲ್ಲಿ ಇರೋವು ದೆವ್ವ ಅಲ್ಲ..." ಎಂದು ಬಾಯಿ ತೆರೆದೆ, ಅಕ್ಕ ತಟ್ಟೆಯಲ್ಲಿದ್ದ ಅತಿ ದೊಡ್ಡ ಮಿರ್ಚಿಯನ್ನು ಆ ಬಾಯಿಗೆ ಇಟ್ಟಳು, ವಿಜ್ಞಾನ ಅಲ್ಲಿಗೆ ನಿಂತಿತು. ಅಕ್ಕನ ನೆನಪು ಬೇರೆ. ಅತ್ತೆ ನನ್ನನ್ನು, "ಅಲ್ಲಿರೋವು ಹೆಂಗಪ್ಪ, ತ್ರಾಸ ಕೊಡೂವಲ್ಲಲ್ಲ?" ಎಂದು ಕೇಳಿದರಂತೆ. ನಾನು ಎರಡೂ ಚಿತ್ರಗಳನ್ನು ಹೋಲಿಸಿ ನೋಡಿ, ಬಹಳ ಗಂಭೀರವಾಗಿ, "ಅಲ್ಲಿರೋವು ಸಣ್ಣವು, ಅತ್ತಿ," ಎಂದೆನಂತೆ. ನಾನು ಅಂಥ ಮಾತು ಆಡಿರಲು ಸಾಧ್ಯವಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ಭಾವನನ್ನು ಸಾಕ್ಷಿ ಕೇಳಿದರೆ, "ನೀವು ಹೆಂಗಂದ್ರ ಹಂಗ," ಎಂದ.

ಅವರು ಆ ಮನೆಗೆ ಹೋದ ಮೇಲೆ ಒಮ್ಮೆ ನೋಡಲು ಹೋದೆ. ಸಂಜೆ, ಮಿಲ್ಲಿನ ಸದ್ದು ನಡೆದಿತ್ತು. ಅತ್ತೆ ಹೊರಗಿನ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಬೇರೆ ಯಾರೂ ಇಲ್ಲದ್ದು ನೋಡಿ ಕೇಳಿಯೇಬಿಟ್ಟೆ.

"ಅತ್ತಿ, ಅವತ್ತು ನಾನು, ಅಲ್ಲಿರೋವು ಸಣ್ಣವು ಅಂತ ಅಂದಿದ್ನೇನ್ರಿ?"

"ಅಂದಿದ್ದಿ. ಅಷ್ಟ್ ಓದಿದಾವ ಹೇಳ್ಯಾನಂತ ನಾನು ಧೈರ್ಯ ಮಾಡಿದ್ದು." ಅವರು ನನ್ನ ಕಡೆ ತಿರುಗಲೂ ಇಲ್ಲ. "ಯಾಕ, ಸಣ್ಣವು ಅಲ್ಲೇನು?"

ಸಾಕ್ಷಿಗಳು ಇಬ್ಬರಾದರು. ನನ್ನ ಪರವಾಗಿ ಇದ್ದದ್ದು ನನ್ನ ತಲೆಯೊಳಗಿನ ಒಂದು ಮಿರ್ಚಿ ಮಾತ್ರ. ಅವುಗಳಿಗೆ ಅಳತೆಯೇ ಇಲ್ಲ, ಅವು ಏನೂ ಅಲ್ಲ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು. ಮೊಮ್ಮಗಳು ಬೀಜಗಳನ್ನೆಲ್ಲ ಚೆಲ್ಲಿ ಓಡಿದಳು. ಅಕ್ಕ ಆಫೀಸಿನಿಂದ ಬಂದಿದ್ದಳು, ಬಿಸಿಲು ಇನ್ನೂ ಮಿಲ್ಲಿನ ತಗಡಿನ ಮೇಲಿತ್ತು. ಮುಂಚೆಯಾಗಿದ್ದರೆ ಆ ಹೊತ್ತಿಗೆ ಅವಳು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಕರ್ಚೀಫು ಎಸೆಯುತ್ತಿರುತ್ತಿದ್ದಳು.

"ಏನ್ ಮಾತು ನಡದೈತಿ?" ಎಂದಳು, ಮಗಳನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ.

ಅತ್ತೆ ನನ್ನನ್ನು ನೋಡಿದರು. ನಾನು ಮಗು ಚೆಲ್ಲಿದ ಬೀಜ ಆರಿಸಲು ಬಗ್ಗಿದೆ.

"ಸಣ್ಣವು, ಅತ್ತಿ," ಎಂದೆ. ಈ ಸಲ ಅಂದದ್ದು ನನಗೆ ಚೆನ್ನಾಗಿ ನೆನಪಿದೆ.